ಆಳು ಸಮೇತ

ಕಾಜಾ ಅಕ್ಕನ ಗಂಡ ಸತ್ತಿದ್ದಾನೆ ಎಂಬುದಕ್ಕೆ ಕಚೇರಿಯ ಒಪ್ಪಿಗೆ ಸಿಕ್ಕಿರಲಿಲ್ಲ. ಯುದ್ಧ ಮುಗಿದು ಆರು ವರ್ಷವಾಗಿತ್ತು. ಸತ್ತವನು ತನ್ನ ಪಾಡಿಗೆ ತಾನು ಸತ್ತಿದ್ದ. ಕಚೇರಿಗೆ ಮಾತ್ರ ಅವಸರವಿರಲಿಲ್ಲ.

ಅವಳು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಗುಂಡಿಗೆ ಕಾಜಾ ಮಾಡುವವಳು. ದಿನಕ್ಕೆ ನೂರಾ ಎಂಬತ್ತು ಕಾಜಾ. ಸೂಜಿ ಚುಚ್ಚಿ ಚುಚ್ಚಿ ಅವಳ ಬೆರಳುಗಳು ಜರಡಿಯಾಗಿದ್ದವು. ಬೊಗಸೆಯಲ್ಲಿ ನೀರು ಹಿಡಿದರೆ ಸೋರುತ್ತದೆ ಎಂದು ಅಂಗಡಿಯವರು ನಗುತ್ತಿದ್ದರು. ಮಂಗಳವಾರ ಬಂದರೆ ಅರ್ಧ ದಿನ ರಜೆ ಹಾಕಿ ಸೈನಿಕರ ದಾಖಲೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಆ ಸಾಲಿನ ಉದ್ದ ಹೇಳಿದರೆ ನೀವು ನಂಬುವುದಿಲ್ಲ. ಕಪ್ಪು ಕೂದಲಿನಲ್ಲಿ ಬಾಲಕ್ಕೆ ನಿಂತವರು ಬಿಳಿ ಕೂದಲಿನಲ್ಲಿ ಕಿಟಕಿ ಮುಟ್ಟುತ್ತಿದ್ದರು. ಮಗನನ್ನು ಹುಡುಕಲು ನಿಂತ ಮುದುಕನೊಬ್ಬ ಸಾಲಿನಲ್ಲೇ ತೀರಿಕೊಂಡ. ಹಿಂದಿನವರು ಅವನನ್ನು ಎರಡು ಹೆಜ್ಜೆ ಮುಂದೆ ಸರಿಸಿದರು. ಪಾಪ, ಅವನ ಸರದಿ ತಪ್ಪಬಾರದಲ್ಲ.

ಕಾಜಾ ಅಕ್ಕನ ಹಿಂದೆ ಯಾವಾಗಲೂ ಒಬ್ಬ ತರಕಾರಿಯವಳು ನಿಲ್ಲುತ್ತಿದ್ದಳು. ಅವಳ ಅಣ್ಣ ಸೈನ್ಯದಲ್ಲಿ ಅಡುಗೆಯವನಾಗಿ ಹೋದವನು, ತಿರುಗಿ ಬಂದಿರಲಿಲ್ಲ.

ಒಂದು ಮಂಗಳವಾರ ಕಿಟಕಿಯ ಗುಮಾಸ್ತ ಎಂದಿನಂತೆ ಕಡತ ತೆರೆಯದೆಯೇ ಓದಿದ.

"ನಿಮ್ಮೆಜಮಾನ್ರು ಸತ್ತೋರ ಪಟ್ಟೀಲಿಲ್ಲ. ಗಾಯ ಆದೋರಲ್ಲಿಲ್ಲ. ಸೆರೆ ಸಿಕ್ಕೋರಲ್ಲೂ ಇಲ್ಲ."

"ಮತ್ತೆಲ್ಲಿದಾರೆ ಸಾರ್?"

"ನಾನೇನು ಕಣಿ ಹೇಳೋನಾ? ಓಡ್ಹೋಗಿರ್ಬೇಕು. ಮುಂದಿನೋರು ಬನ್ನಿ."

ಆ ಒಂದು ಮಾತು ಕಚೇರಿಯಿಂದ ಹೊರಟು ಅವಳಿಗಿಂತ ಮೊದಲೇ ಓಣಿ ಸೇರಿತ್ತು. ನಲ್ಲಿಯ ಹತ್ತಿರ ಕೊಡಗಳು ಪಿಸುಗುಟ್ಟುತ್ತಿದ್ದವು. ಶಾಲೆಯಲ್ಲಿ ಮಗಳಿಗೆ "ಓಡ್ಹೋದವನ ಮಗಳು" ಎಂಬ ಹೆಸರು ಅಂಟಿತ್ತು. ಮಗಳು ಒಮ್ಮೆ ಕೇಳಿದ್ದಳು: "ಅಮ್ಮಾ, ಅಪ್ಪ ಓಡಿದ್ರೆ ನಮ್ಮ ಕಡೆಗೇ ಓಡ್ಬೇಕಿತ್ತಲ್ವಾ?" ಅದಕ್ಕೆ ಕಾಜಾ ಅಕ್ಕನ ಬಳಿ ಉತ್ತರವಿತ್ತು. ಆದರೆ ಆ ಉತ್ತರಕ್ಕೆ ಮೊಹರಿರಲಿಲ್ಲ. ಮೊಹರಿಲ್ಲದ ಸತ್ಯವನ್ನು ಊರಲ್ಲಿ ನಾಯಿಯೂ ಮೂಸುವುದಿಲ್ಲ.

ಮುಂದೊಂದು ಮಂಗಳವಾರ ಕಚೇರಿಯ ಮುದಿ ಜವಾನ ಕಡತದ ಹೊರೆ ಹೊತ್ತು ಹೋಗುತ್ತಿದ್ದವನು ಅವಳ ಮುಂದೆ ನಿಂತ.

"ಅಲ್ಲಕ್ಕಾ, ಆರು ವರ್ಷದಿಂದ ನೋಡ್ತಿದೀನಿ. ನಿಮ್ಮೆಜಮಾನ್ರು ಅಲ್ಲಿ ಏನ್ ಕೆಲಸದಲ್ಲಿದ್ರು?"

"ಹೇಸರಗತ್ತೆ ನಡೆಸ್ತಿದ್ರು ಕಣಣ್ಣ. ಗುಡ್ಡಕ್ಕೆ ಮದ್ದುಗುಂಡು ಸಾಗಿಸೋಕೆ. ಕತ್ತೆನೂ ನಮ್ಮದೇ. ಸರ್ಕಾರದೋರು ಬಂದು ಇಬ್ರನ್ನೂ ಕರ್ಕೊಂಡೋದ್ರು."

ಜವಾನ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಗಿತ್ತಿ! ಮೊದಲೇ ಬಾಯಿ ಬಿಡಬಾರ್ದಿತ್ತಾ? ಮನುಷ್ಯರ ಕೋಣೇಲಿ ಯಾಕೆ ಹುಡುಕಿಸ್ತಿದೀಯ?"

ಅವಳನ್ನು ಮಹಡಿಗೆ ಕರೆದೊಯ್ದ. ದಾರಿಯಲ್ಲಿ ಮನುಷ್ಯರ ಕೋಣೆ ಕಂಡಿತು. ಸೂರು ಸೋರಿ ಕಡತಗಳು ಅಂಬಲಿಯಾಗಿದ್ದವು. ಶತ್ರುಗಳ ಕೈಯಲ್ಲೂ ಆಗದ್ದನ್ನು ಇಲಿಗಳು ಮಾಡಿದ್ದವು: ಒಂದಿಡೀ ಪಲ್ಟನ್ನನ್ನು ತಿಂದು ತೇಗಿದ್ದವು. ಅದರ ಪಕ್ಕದ್ದು ಪ್ರಾಣಿಗಳ ಕೋಣೆ. ಅಲ್ಲಿ ಫ್ಯಾನು ತಿರುಗುತ್ತಿತ್ತು. ಗಾಜಿನ ಬೀರು, ನುಸಿಗುಳಿಗೆ, ಬೀಗ. ಹೇಸರಗತ್ತೆ ಎಂದರೆ ಸರ್ಕಾರದ ಆಸ್ತಿ; ಆಸ್ತಿಗೆ ಲೆಕ್ಕ ಬೇಕು.

ಅವರ ಕತ್ತೆಯ ಕಡತ ನಲವತ್ತೊಂದು ಪುಟದ್ದಿತ್ತು. ಕಾಜಾ ಅಕ್ಕ ನೆಲಕ್ಕೆ ಕೂತು ಬೆರಳಿಟ್ಟು ಓದಿದಳು. ಎಡಗಿವಿಯಲ್ಲಿ ಸೀಳು. ಹೌದು, ಅದು ಮುಳ್ಳುತಂತಿಗೆ ಸಿಕ್ಕಿ ಆದದ್ದು, ಅವಳೇ ಅರಿಸಿನ ಮೆತ್ತಿದ್ದಳು. ಗುಣ: ಒದೆಯುತ್ತದೆ. ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಸೇರಿಸಿದ್ದರು: ಅಧಿಕಾರಿಗಳನ್ನು ಮಾತ್ರ.

ಮೂರನೇ ತಿಂಗಳು ಕತ್ತೆಗೆ ಜ್ವರ, ಡಾಕ್ಟರು ಎರಡು ಸಲ ಬಂದರು. ಐದನೇ ತಿಂಗಳು ಕತ್ತೆ ಮೂರು ದಿನ ಮೇವು ಮುಟ್ಟಲಿಲ್ಲ. ಕಾರಣ, ಆಳಿಗೆ ಕಾಯಿಲೆ. ಆಳಿಗೆ ಡಾಕ್ಟರು ಬಂದ ಸುದ್ದಿ ಇರಲಿಲ್ಲ. ಏಳನೇ ತಿಂಗಳು ಕತ್ತೆ ಹಳ್ಳಕ್ಕೆ ಜಾರಿತು, ಆಳು ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಹೆಗಲು ಕೊಟ್ಟ, ಪ್ರಾಣಿ ಕ್ಷೇಮ. ಹೀಗೆ ಕತ್ತೆಯ ಕತೆಯ ಸಂದುಗಳಿಂದ ಗಂಡ ಇಣುಕುತ್ತಿದ್ದ. ಆರು ವರ್ಷದಲ್ಲಿ ಮೊದಲ ಸಲ ಅವನ ಸಮಾಚಾರ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಪುಟ ತಿರುವಿದಳು.

ಕೊನೆಯ ಪುಟದಲ್ಲಿ ಎರಡೇ ಸಾಲು:

"ಸೇತುವೆಯ ಬಳಿ ಶೆಲ್ ಬಿದ್ದು ಪ್ರಾಣಿ ಮೃತಪಟ್ಟಿದೆ. ಜೀನು, ಲಗಾಮು, ಹಗ್ಗ ಎರಡು, ಆಳು ಸಮೇತ ನಷ್ಟ."

ಕೆಳಗೆ ಕೆಂಪು ಶಾಯಿಯಲ್ಲಿ: "ಹಗ್ಗ ಒಂದು ಆಮೇಲೆ ಸಿಕ್ಕಿದೆ. ಜಮಾ ಮಾಡಲಾಗಿದೆ."

ಕಾಜಾ ಅಕ್ಕ ಕಡತವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಜವಾನ "ಅಕ್ಕಾ, ಅಕ್ಕಾ" ಎನ್ನುತ್ತ ಹಿಂದೆ. ಗದ್ದಲಕ್ಕೆ ಸಾಹೇಬ ತನ್ನ ಕೋಣೆಯಿಂದ ಟೈಪಿಸ್ಟನ ಸಮೇತ ಹೊರಬಂದ. ಕಿಟಕಿಯ ಮುಂದಿನ ಮೇಜಿನ ಮೇಲೆ ಅವಳು ಕಡತ ಬಿಚ್ಚಿಟ್ಟಳು.

"ಓದಿ ಸಾಹೇಬ್ರೆ. ನಮ್ಮೆಜಮಾನ್ರು ಓಡ್ಹೋಗಿಲ್ಲ."

ಸಾಹೇಬ ಕನ್ನಡಕ ಏರಿಸಿ ಓದಿದ. ಮುಖ ಅರಳಿತು.

"ಅರೆ, ಈ ಹೇಸರಗತ್ತೆನಾ! ಇದಕ್ಕೆ ಶೌರ್ಯ ಪದಕ ಬಂದಿದೆಯಮ್ಮ. ನಮ್ಮ ಬೀರುವಲ್ಲೇ ಇದೆ. ಕೊಡೋಣ ಅಂದ್ರೆ ಹೇಸರಗತ್ತೆಗೆ ವಾರಸುದಾರರು ಹುಟ್ಟಲ್ಲ, ನೋಡಿ."

"ನಡೆಸಿದೋರಿಗೆ ಹುಟ್ಟಿದಾಳೆ. ಹತ್ತು ವರ್ಷ. ಸತ್ತೋರ ಪಟ್ಟೀಲಿ ಅವಳಪ್ಪನ ಹೆಸರು ಹಾಕಿ."

"ಅದು ಹೆಂಗಾಗುತ್ತಮ್ಮ? ಇಲ್ಲಿ ಸತ್ತಿರೋದು ಪ್ರಾಣಿ. ಆಳು ಸತ್ತ ಅಂತ ಎಲ್ಲಿದೆ? ಸಮೇತ ಅಂತಿದೆ."

"ಸಮೇತ ಅಂದ್ರೆ?"

"ಸಮೇತ ಅಂದ್ರೆ... ಜೊತೆಗೆ. ಸಾಮಾನು ಸರಂಜಾಮು ಇದ್ದ ಹಾಗೆ. ಸಾಮಾನಿನ ಪಟ್ಟಿಯಿಂದ ಮನುಷ್ಯರ ಪಟ್ಟಿಗೆ ತರ್ಬೇಕು ಅಂದ್ರೆ, ನಿಯಮದ ಪ್ರಕಾರ ಮೊದಲು ಆ ಸಾಮಾನನ್ನ ಉಗ್ರಾಣಕ್ಕೆ ವಾಪಸ್ ಮಾಡ್ಬೇಕು."

"ಯಾವ ಸಾಮಾನು?"

"ಆಳು."

ಸಾಹೇಬ ನಗಲಿಲ್ಲ. ನಿಯಮ ಹೇಳುವಾಗ ಅವನು ಎಂದೂ ನಗುತ್ತಿರಲಿಲ್ಲ, ಬಲು ಶಿಸ್ತಿನ ಮನುಷ್ಯ. ಆಗ ತರಕಾರಿಯವಳು, ಯಾರಿಗೂ ಅಲ್ಲ ಎನ್ನುವಂತೆ, ಅಂದಳು:

"ನಮ್ಮಣ್ಣ ಹಂಡೆ ಜೊತೆ ಹೋಗಿದ್ದ."

"ನಮ್ಮನೆಯೋರು ಕ್ಷೌರದ ಪೆಟ್ಟಿಗೆ ತಗೊಂಡು ಹೋಗಿದ್ರು," ಎಂದಳು ಅವಳ ಹಿಂದಿನವಳು.

"ನನ್ನ ಮಗ ಡೋಲಿ ಹೊರ್ತಿದ್ದ. ಗಾಯ ಆದೋರನ್ನ ಹೊರೋ ಡೋಲಿ."

ಮಾತು ಸಾಲಿನ ಬಾಲದವರೆಗೂ ಹೋಯಿತು. ಹಂಡೆ, ಸಲಿಕೆ, ಪೊರಕೆ, ಡೋಲಿ. ಆರು ವರ್ಷದಿಂದ ಒಬ್ಬರ ಬೆನ್ನು ಒಬ್ಬರು ನೋಡುತ್ತ ನಿಂತಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಿದರು.

ಕಾಜಾ ಅಕ್ಕ ಸಾಹೇಬನ ಜೇಬಿಗೆ ಕೈಹಾಕಿ ಪೆನ್ನು ತೆಗೆದಳು. ಅಷ್ಟು ಸಲೀಸಾಗಿ ತೆಗೆದಳೆಂದರೆ ಅವನು ತಾನೇ ಕೊಟ್ಟೆನೇನೋ ಎಂದುಕೊಂಡ. ಅವಳು "ಆಳು" ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ ಗಂಡನ ಹೆಸರನ್ನೂ ಅವನ ತಂದೆಯ ಹೆಸರನ್ನೂ ದುಂಡಗೆ ಬರೆದಳು. "ಸಮೇತ"ವನ್ನು ಹೊಡೆದು "ಸತ್ತಿದ್ದಾರೆ" ಎಂದು ಹಾಕಿದಳು.

"ಏಯ್! ಸರ್ಕಾರಿ ದಾಖಲೆ ಕಣೇ ಅದು! ಕೇಸು ಹಾಕ್ತೀನಿ! ಜೈಲಿಗೆ ಕಳಿಸ್ತೀನಿ!"

"ಹಾಕಿ ಸಾಹೇಬ್ರೆ. ಹಾಕ್ಲೇಬೇಕು. ಏನಂತ ಬರೆಸ್ತೀರಿ?"

"ಏನಂತಾನಾ? ಬರ್ಕೊಳ್ಳಯ್ಯ ಟೈಪಿಸ್ಟು! ಯುದ್ಧದಲ್ಲಿ ಸೇತುವೆ ಹತ್ರ ಸತ್ತ ತನ್ನ ಗಂಡನ ಹೆಸರನ್ನ ಈಕೆ..."

ಸಾಹೇಬ ಅಲ್ಲೇ ನಾಲಿಗೆ ಕಚ್ಚಿಕೊಂಡ. ಟೈಪಿಸ್ಟು ಅಷ್ಟರಲ್ಲಿ ಅಷ್ಟನ್ನೂ ಬರೆದುಕೊಂಡಿದ್ದ.

"ಅಷ್ಟೇ ಸಾಕಪ್ಪ," ಎಂದಳು ಕಾಜಾ ಅಕ್ಕ. "ಕೆಳಗೆ ಮೊಹರು ಒತ್ತಿ ಒಂದು ಪ್ರತಿ ನನಗೆ ಕೊಡು. ಜೈಲಿಗೆ ಆಮೇಲೆ ಹೋಗ್ತೀನಿ, ಮೊದಲು ಮಗಳ ಶಾಲೆಗೆ ಹೋಗ್ಬೇಕು."

ತರಕಾರಿಯವಳು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಜವಾನನ ಕಡೆ ತಿರುಗಿದಳು.

"ಅಣ್ಣಾ, ಹಂಡೆ ಲೆಕ್ಕದ ಪುಸ್ತಕ ಯಾವ ಕೋಣೇಲಿದೆ?"

ಜವಾನ ಸಾಹೇಬನನ್ನು ನೋಡಿದ, ಮೆಟ್ಟಿಲನ್ನು ನೋಡಿದ, ಸೊಂಟದಿಂದ ಬೀಗದ ಕೈ ಬಿಚ್ಚಿದ. ಸಾಲು ಕಿಟಕಿ ಬಿಟ್ಟು ಮೆಟ್ಟಿಲು ಹತ್ತತೊಡಗಿತು.