ಬೀದಿಯ ಪರದೆಗಳು

ರೋಶೀನ್ ನಮ್ಮ ಬೀದಿಯ ಮನೆಮನೆಗೂ ಬಂದು ಹಳೆಯ ಕಿಟಕಿ ಪರದೆ ಕೇಳಿದಾಗ ಯಾರೂ ಏಕೆಂದು ಕೇಳಲಿಲ್ಲ. ಬೆಲ್‌ಫಾಸ್ಟಿನ ಈ ಮೂಲೆಯಲ್ಲಿ, ಮುಚ್ಚಿಹೋದ ಬಟ್ಟೆ ಗಿರಣಿಯನ್ನೇ ಕಲಾಕೇಂದ್ರ ಮಾಡಿಕೊಂಡಿದ್ದೆವು. ಬಟ್ಟೆ, ತಗಡು, ಬಣ್ಣ ಸೇರಿಸಿ ಅವಳು ಅಲ್ಲಿ ಏನಾದರೊಂದು ಅಂಟಿಸುತ್ತ ಕೂರುವುದು ಎಲ್ಲರಿಗೂ ಗೊತ್ತಿತ್ತು.

ಪರದೆಗಳು ಏನಾದವೆಂದು ತಿಳಿದದ್ದು ಪ್ರದರ್ಶನದ ದಿನ. ಗೋಡೆಗೆ ಒಂದು ಬಾಗಿಲು ಒರಗಿತ್ತು. ಅದು ಅವಳ ಮನೆಯದೇ ಮುಂಬಾಗಿಲು. ಹಿಂದೊಂದು ಸಂಜೆ, ಬೀದಿಗೆ ತಾನೇ ಕಾನೂನು ಎನ್ನುತ್ತಿದ್ದ ಡೆಕ್ಲನ್ ಮತ್ತು ಅವನ ಪಟಾಲಮ್ಮು ಅದನ್ನು ಒದ್ದು ಒಳನುಗ್ಗಿ, ಕಾರು ಕದ್ದನೆಂಬ ನೆಪ ಹೇಳಿ, ಅವಳ ತಮ್ಮ ಫರ್ಗಲ್‌ನ ಎರಡೂ ಮಂಡಿಗೆ ಗುಂಡು ಹೊಡೆದಿದ್ದರು. ಪೊಲೀಸರು ಬಂದಾಗ ಬೀದಿಯಲ್ಲಿ ಒಬ್ಬರೂ ಏನನ್ನೂ ನೋಡಿರಲಿಲ್ಲ. ಈಗ ಆ ಬಿರಿದ ಹಲಗೆಯ ಮೇಲೆ ರಕ್ತ ಒಣಗಿ ಕಪ್ಪಾದ ಅವನ ಪ್ಯಾಂಟು, ಮಂಡಿಯ ಎಕ್ಸ್‌ರೇ, ಕೆಂಪು ಮೇಣ. ಸುತ್ತಲೂ ನಮ್ಮ ಪರದೆಗಳ ತುಂಡು. ಪ್ರತಿಯೊಂದರ ಕೆಳಗೂ ಮನೆಯ ನಂಬರು.

ಎದುರುಮನೆಯ ಮುದುಕಿ ಫಿಲೊಮಿನಾ ಹಳದಿ ಹೂವಿನ ತುಂಡೊಂದನ್ನು ಮುಟ್ಟಿ ನೋಡಿದಳು. "ಇದು ನನ್ನ ಅಡುಗೆಮನೇದು ಕಣೇ. ನನ್ನ ಮಾನ ಕಳೀಬೇಕು ಅಂತ್ಲೇ ಇಸ್ಕೊಂಡ್ಯಾ?"

"ಹೌದು. ಅವನು ಕಿರುಚ್ಕೊತಾ ಇದ್ದಾಗ ನೀವು ಇದನ್ನ ಎಳ್ಕೊಂಡ್ರಿ. ನಾನು ನೋಡ್ದೆ."

"ನನಗೂ ಆಗ ಮನೇಲಿ ಗಂಡುಮಕ್ಕಳಿದ್ರು, ರೋಶೀನ್."

ಅಷ್ಟರಲ್ಲಿ ಡೆಕ್ಲನ್ ಬಂದ. ಜೊತೆಗೆ ಇಬ್ಬರು. ಕೈಯಲ್ಲಿ ಸುತ್ತಿಗೆ.

"ಯಾರನ್ನ ಕೇಳಿ ಇದನ್ನ ಇಲ್ಲಿ ಇಟ್ಟೆ?"

"ನಿನ್ನ ಕೇಳ್ಬೇಕಿತ್ತೇನೋ? ಟೀ ಇದೆ, ಬಿಸ್ಕತ್ತಿದೆ. ತಿಂದ್ಕೊಂಡು, ನೋಡ್ಕೊಂಡು ಹೋಗು."

ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. ಸುತ್ತಿಗೆ ಬೀಸಿದ. ಹಲಗೆ ಸೀಳಿತು, ಮೇಣ ಚೂರುಚೂರಾಗಿ ಸಿಡಿಯಿತು. ಎರಡನೇ ಏಟಿಗೆ ರೋಶೀನ್ ಕೈ ಅಡ್ಡ ತಂದಳು. ಮಣಿಕಟ್ಟು ಲಟಕ್ಕೆಂದದ್ದು ಕೋಣೆಗೆಲ್ಲ ಕೇಳಿಸಿತು. ಅವಳು ಕುಸಿದಳು. ಅವನು ಮತ್ತೆ ಸುತ್ತಿಗೆ ಎತ್ತಿದ.

ಮೂಲೆಯಲ್ಲಿ ಕೂತಿದ್ದ ಫರ್ಗಲ್ ಊರುಗೋಲುಗಳ ಮೇಲೆ ಎದ್ದು ಬಂದದ್ದನ್ನು ಡೆಕ್ಲನ್ ಗಮನಿಸಲಿಲ್ಲ. ಒಂದು ಕೋಲು ಅವನ ದವಡೆಗೆ ಬಿತ್ತು. ಹಲ್ಲುಗಳು ನೆಲಕ್ಕೆ ಉದುರಿದವು. ಇಬ್ಬರೂ ಒಟ್ಟಿಗೆ ಬಿದ್ದರು. ಫರ್ಗಲ್ ಅವನ ಎದೆ ಮೇಲೇರಿ ಕೋಲನ್ನು ಗಂಟಲಿಗೆ ಅಡ್ಡಲಾಗಿ ಒತ್ತಿದ. ಜೊತೆಗೆ ಬಂದವರಲ್ಲಿ ಒಬ್ಬ ಸೊಂಟದ ಪಿಸ್ತೂಲಿಗೆ ಕೈ ಹಾಕಿದ. ಫಿಲೊಮಿನಾ ಮೇಜಿನ ಮೇಲೆ ಕುದಿಯುತ್ತಿದ್ದ ಕೆಟಲನ್ನು ಎತ್ತಿ ಅವನ ಮುಖಕ್ಕೆ ಸುರಿದಳು. ಅವನು ಅರಚುತ್ತ ಗೋಡೆಗೆ ಢಿಕ್ಕಿ ಹೊಡೆದ. ಇನ್ನೊಬ್ಬ ಓಡಿಹೋದ.

ಡೆಕ್ಲನ್‌ನ ಮುಖ ನೀಲಿಗಟ್ಟುತ್ತಿತ್ತು.

"ಬಿಡೋ!" ರೋಶೀನ್ ತೆವಳಿ ಬಂದಳು. "ಫರ್ಗಲ್, ಬಿಡೋ, ಸಾಯ್ತಾನೆ."

"ಸಾಯ್ಲಿ."

"ನೀನು ಜೈಲಿಗೆ ಹೋದ್ರೆ ನನಗ್ಯಾರಿದ್ದಾರೋ?"

ಅವನು ಬಿಡಲಿಲ್ಲ. ಅವಳೇ ಮಲಗಿದಲ್ಲಿಂದ ಕೋಲನ್ನು ಒದ್ದು ಬೀಳಿಸಿದಳು. ಫರ್ಗಲ್ ಮಗ್ಗುಲಿಗೆ ಉರುಳಿ, ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ. ಡೆಕ್ಲನ್ ರಕ್ತ ಕಾರಿ ಉಸಿರೆಳೆದ.

ಪೊಲೀಸರು ಬಂದರು. "ಯಾರು ನೋಡಿದ್ರಿ?"

ಎಲ್ಲರೂ ಅವರವರ ಬೂಟು ನೋಡಿಕೊಂಡರು.

"ನಾನು," ಅಂದಳು ಫಿಲೊಮಿನಾ. "ಇವತ್ತಿಂದೂ ನೋಡ್ದೆ, ಆವತ್ತು ಇವನ ಮಂಡಿಗೆ ಹೊಡೆದದ್ದೂ ನೋಡ್ದೆ. ಬರ್ಕೊಳ್ಳಿ."

ಆಮೇಲೆ ಇನ್ನಿಬ್ಬರು ಬಾಯಿಬಿಟ್ಟರು. ಡೆಕ್ಲನ್‌ಗೆ ಜೈಲಾಯಿತು. ಫರ್ಗಲ್‌ಗೆ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು. ಅದಕ್ಕೂ ಮೊದಲೇ, ಹೇಳಿಕೆ ಕೊಟ್ಟ ವಾರವೇ, ಯಾರೋ ಫಿಲೊಮಿನಾಳ ಅಡುಗೆಮನೆಗೆ ಪೆಟ್ರೋಲ್ ಬಾಟಲಿ ಎಸೆದರು. ಮನೆಯೆಲ್ಲ ಸುಟ್ಟು ಕರಕಲಾಯಿತು. ರೋಶೀನ್ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ಅವಳನ್ನು ತನ್ನ ಮನೆಯ ಹಿಂದಿನ ಕೋಣೆಗೆ ಕರೆತಂದಳು.

"ನನ್ನ ಕ್ಷಮಿಸಿದ್ದೀಯೇನೇ?" ಒಮ್ಮೆ ಊಟಕ್ಕೆ ಕೂತಾಗ ಮುದುಕಿ ಕೇಳಿದಳಂತೆ.

"ಇಲ್ಲ," ಅಂದಳಂತೆ ರೋಶೀನ್. "ಆಲೂಗಡ್ಡೆ ಆರ್ತಾ ಇದೆ, ತಿನ್ನಿ."