ಲಿವರ್‌ನವಲ್ಲದ ಜೀವಕೋಶಗಳು

ಪ್ರಯೋಗಾಲಯದಲ್ಲಿ ಜೀವಕೋಶ ಸಾಕುವುದೆಂದರೆ ಆನೆ ಸಾಕಿದ ಹಾಗೆ. ಅವು ಉಣ್ಣುವ ಗುಲಾಬಿ ಬಣ್ಣದ ದ್ರವಕ್ಕೆ ಬೆರೆಸುವ ಸೀರಮ್ ಒಂದು ಬಾಟಲಿಗೆ ಅಲ್ಲಿನ ಸಹಾಯಕನ ಒಂದು ತಿಂಗಳ ಸಂಬಳ. ಗಾಳಿಗೆ ಬೇರೆ ಸಿಲಿಂಡರ್, ಕಾವಿಗೆ ಹಗಲಿರುಳೂ ಕರೆಂಟು. ಹಾಗಾಗಿ ವಿಭಾಗದ ಮುಖ್ಯಸ್ಥರು ಮೊದಲಿನಿಂದಲೂ ಒಂದು ಪದ್ಧತಿ ಇಟ್ಟುಕೊಂಡಿದ್ದರು: ದ್ರವದ ಬಾಟಲಿ ಒಂದು ತೆರೆದರೆ ಅದು ಮುಗಿಯುವ ತನಕ ಎಲ್ಲ ಜಾತಿಯ ಜೀವಕೋಶಗಳಿಗೂ ಅದರಿಂದಲೇ ಊಟ. ಒಂದರಲ್ಲೊಂದು ಬೆರೆಯದಿರಲೆಂದು ಒಂದೊಂದು ಜಾತಿಗೆ ಒಂದೊಂದು ಬಾಟಲಿ ಎಂಬುದು ನಿಯಮ. ನಿಯಮ ಮಾಡಿದವರಿಗೆ ಬಿಲ್ಲು ಬರುವುದಿಲ್ಲ ಎಂದು ಮುಖ್ಯಸ್ಥರು ನಗುತ್ತಿದ್ದರು.

ವಿದ್ಯಾರ್ಥಿಗಳ ಬಾಯಲ್ಲಿ ‘ವೈರಸ್ ಮೇಡಂ’ ಆಗಿದ್ದ ಆಕೆ ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡಿ, ಅಲ್ಲೇ ಕೆಲಸಕ್ಕೆ ಸೇರಿ, ಈಗ ಪ್ರೊಫೆಸರ್ ಹುದ್ದೆಯ ಹೊಸ್ತಿಲಲ್ಲಿ ನಿಂತಿದ್ದಳು. ಹೆಸರು ತಂದದ್ದು ಒಂದೇ ಲೇಖನ. ಮಕ್ಕಳ ಲಿವರ್ ಹಾಳುಮಾಡುವ ವೈರಸ್ಸನ್ನು ಒಂದು ಔಷಧಿ ಲಿವರ್ ಜೀವಕೋಶಗಳಲ್ಲೇ ತಡೆಯುತ್ತದೆ ಎಂದು ಅದರಲ್ಲಿ ತೋರಿಸಿದ್ದಳು. ಅದನ್ನು ನಂಬಿ ಮಕ್ಕಳ ಆಸ್ಪತ್ರೆಯಲ್ಲಿ ಔಷಧಿಯ ಪ್ರಯೋಗ ಶುರುವಾಗಿತ್ತು. ಆ ವಾರ್ಡಿನ ನರ್ಸು ಆಕೆಯ ಸ್ವಂತ ಅಕ್ಕ.

ಹೊಸ ಲೇಖನವೊಂದಕ್ಕೆ ವಿಜ್ಞಾನ ಪತ್ರಿಕೆಯವರು ಜೀವಕೋಶಗಳ ಗುರುತಿನ ಪರೀಕ್ಷೆ ಕೇಳಿದರು. ಕಳಿಸಿದಳು. ಅವು ಮನುಷ್ಯರ ಲಿವರ್‌ನವೇ ಅಲ್ಲ, ಕೋತಿಯ ಮೂತ್ರಪಿಂಡದವು ಎಂದು ಉತ್ತರ ಬಂತು. ಕೋತಿಯ ಜೀವಕೋಶಗಳನ್ನು ವೈರಸ್ ಬೆಳೆಸಲೆಂದು ಪಕ್ಕದ ಕಪಾಟಿನಲ್ಲೇ ಸಾಕುತ್ತಿದ್ದರು. ಕಳೆಯ ಹಾಗೆ ಬೆಳೆಯುವ ಜಾತಿ. ಯಾವತ್ತೋ ಒಂದು ದಿನ ಆ ಹಂಚಿಕೆಯ ಬಾಟಲಿಯಲ್ಲಿ ಒಂದು ಹನಿ ದಾಟಿದ್ದರೂ ಸಾಕಿತ್ತು, ಲಿವರ್‌ನವನ್ನು ಅಳಿಸಿ ತಾವೇ ತುಂಬಿಕೊಳ್ಳಲು. ಮಂಜುಗಟ್ಟಿಸಿಟ್ಟಿದ್ದ ಅತ್ಯಂತ ಹಳೆಯ ಸೀಸೆಯನ್ನೂ ಕರಗಿಸಿ ಪರೀಕ್ಷೆ ಮಾಡಿಸಿದಳು. ಅದರಲ್ಲೂ ಕೋತಿಯೇ. ಅಂದರೆ ಹೆಸರು ತಂದ ಆ ಲೇಖನದ ಪ್ರಯೋಗವೂ ಕೋತಿಯ ಜೀವಕೋಶಗಳ ಮೇಲೇ ನಡೆದಿತ್ತು.

ಮುಖ್ಯಸ್ಥರು ವರದಿ ಓದಿ ಕನ್ನಡಕ ತೆಗೆದರು.

“ಬಾಗಿಲು ಹಾಕಮ್ಮ. ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸರ್. ಮೊದಲು ನಿಮಗೇ.”

“ಒಳ್ಳೇದಾಯ್ತು. ನಮ್ಮಲ್ಲೊಂದೇ ಅಲ್ಲ, ದೊಡ್ಡ ದೊಡ್ಡ ಲ್ಯಾಬಲ್ಲೂ ಹೀಗಾಗಿದೆ. ಹೊಸ ಜೀವಕೋಶ ತರಿಸಿಕೊಡ್ತೀನಿ, ಸದ್ದಿಲ್ಲದೆ ಮತ್ತೆ ಮಾಡು. ಹಳೇ ಲೇಖನ ತಾನಾಗೇ ಮರೆತುಹೋಗತ್ತೆ.”

“ಅದಕ್ಕೆ ವರ್ಷ ಹಿಡಿಯತ್ತೆ ಸರ್. ಅಲ್ಲಿ ಮಕ್ಕಳಿಗೆ ಕೊಡ್ತಾ ಇದ್ದಾರೆ.”

“ವಿಷ ಅಲ್ವಲ್ಲ! ಔಷಧಿ ಹಿಡಿದ್ರೂ ಹಿಡೀಬಹುದು. ನಿನ್ನ ಕೈಕೆಳಗೆ ಮೂರು ಜನ ಇದರ ಮೇಲೇ ಪಿಎಚ್.ಡಿ. ಮಾಡ್ತಿದಾರೆ, ಅವರನ್ನ ಬೀದಿಗೆ ನಿಲ್ಲಿಸ್ತೀಯಾ? ನಿನ್ನ ಇಂಟರ್‌ವ್ಯೂ ಬೇರೆ ಹತ್ರ ಬಂತು. ಸ್ವಲ್ಪ ತಡ್ಕೋ ಕಣಮ್ಮ.”

ಅವರು ಕೆಟ್ಟವರಲ್ಲ. ಆಕೆಯ ವಿದ್ಯಾರ್ಥಿವೇತನ ನಿಂತಾಗ ಜೇಬಿನಿಂದ ಕೊಟ್ಟು ಓದಿಸಿದವರು. ಆಕೆ ವರದಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಸಂಜೆ ಮನೆಗೆ ಬಂದರೆ ಅಕ್ಕ ಆಗಷ್ಟೇ ಪಾಳಿ ಮುಗಿಸಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು.

“ಯಾಕೇ ಮುಖ ಹೀಗೆ? ನಿನ್ನ ವೈರಸ್ಸುಗಳು ಮುಷ್ಕರ ಹೂಡಿದಾವಾ?”

“ಅಕ್ಕಾ, ನನ್ನ ಔಷಧಿ ಜೊತೆ ಹಳೇದನ್ನೂ ಕೊಡ್ತೀರಲ್ವಾ?”

“ಎಲ್ಲಿ? ನಿಲ್ಸಿದಾರೆ. ಎರಡೂ ಕೊಟ್ರೆ ಯಾವುದು ಹಿಡೀತು ಅಂತ ಗೊತ್ತಾಗಲ್ವಂತೆ. ಹಳೇದ್ರಲ್ಲಿ ಅರ್ಧ ಮಕ್ಕಳಾದ್ರೂ ಎದ್ದು ಹೋಗ್ತಿದ್ವು.” ಅಕ್ಕ ದನಿ ತಗ್ಗಿಸಿದಳು. “ಈ ವಾರ ಇಬ್ಬರು ತೀರ್ಕೊಂಡ್ರು ಕಣೇ. ನೊಂದ್ಕೋತೀಯ ಅಂತ ಹೇಳಿರ್ಲಿಲ್ಲ.”

ಆಕೆ ಎಲ್ಲವನ್ನೂ ಹೇಳಿದಳು. ಅಕ್ಕ ನೀರಿನಿಂದ ಕಾಲೆತ್ತಿದವಳು ಒರೆಸಿಕೊಳ್ಳುವುದನ್ನೇ ಮರೆತಳು.

“ನನ್ನ ಮೂರು ಜನ ವಿದ್ಯಾರ್ಥಿಗಳು ಏನಾಗ್ತಾರಕ್ಕ?”

“ಅವರು ಬದುಕಿರ್ತಾರಲ್ಲ, ಇನ್ನೊಂದ್ಸಲ ಬರೀತಾರೆ. ಬೈಕೋತಾ ಬರೀತಾರೆ ಬಿಡು.”

ಆಕೆ ಕಳಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿದಳು. “ನಿಮ್ಮ ಡಾಕ್ಟ್ರು ಈಗ ಸಿಗ್ತಾರಾ?”

ಅಕ್ಕನ ಜೊತೆ ವಾರ್ಡಿಗೆ ಕಾಲಿಟ್ಟರೆ ಒಬ್ಬ ತಾಯಿ ಎದ್ದು ಬಂದಳು. “ಸಿಸ್ಟರ್, ಇವರೇನಾ ನಿಮ್ಮ ತಂಗಿ, ಔಷಧಿ ಕಂಡುಹಿಡಿದೋರು? ನಮ್ಮ ಹುಡುಗೀನ ಒಂದ್ಸಲ ಮಾತಾಡ್ಸಿ ಮೇಡಂ. ನಿಮ್ಮ ಔಷಧಿ ಸಿಕ್ಕಿದ್ದೇ ನಮ್ಮ ಪುಣ್ಯ.”

ಹಾಸಿಗೆಯಲ್ಲಿದ್ದ ಹುಡುಗಿಯ ಕಣ್ಣಿನ ಬಿಳಿ ಹಳದಿಗಟ್ಟಿತ್ತು. “ಅದು ಕಹಿ. ನೀವೇನಾ ಮಾಡಿದ್ದು?”

“ನಾನೇ ಪುಟ್ಟಿ.”

“ಥೂ, ನಿಮಗೆ ಮಾಡೋಕೇ ಬರಲ್ಲ.”

ತಾಯಿ ಮಗಳ ಬಾಯಿ ಮುಚ್ಚಿ ನಕ್ಕಳು. ಆಕೆಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಡಾಕ್ಟರ ಕೋಣೆಗೆ ಹೋಗಿ ವರದಿ ಮುಂದಿಟ್ಟು, “ನನ್ನ ಔಷಧಿ ನಿಲ್ಲಿಸಿ ಡಾಕ್ಟ್ರೇ, ಈಗಲೇ ಹಳೇದು ಶುರು ಮಾಡಿ. ನಾನು ನೋಡಿದ್ದು ಲಿವರೇ ಅಲ್ಲ,” ಎಂದಳು. ಹೊರಗೆ ಬಂದು ಆ ತಾಯಿಗೂ ತಾನೇ ಹೇಳಿದಳು. ತಾಯಿ ಮಗಳ ಹೊದಿಕೆ ಸರಿಮಾಡಿ, ಆಕೆಗೆ ಬೆನ್ನು ಹಾಕಿ ಕೂತಳು.

ಆಕೆ ಲೇಖನವನ್ನು ಹಿಂದಕ್ಕೆ ಪಡೆದಳು. ಪ್ರೊಫೆಸರ್ ಹುದ್ದೆ ಬೇರೆಯವರಿಗೆ ಹೋಯಿತು. ಮೂವರು ವಿದ್ಯಾರ್ಥಿಗಳಲ್ಲಿ ಇಬ್ಬರು ಮೊದಲಿನಿಂದ ಶುರು ಮಾಡಿದರು, ಒಬ್ಬ ಓದು ಬಿಟ್ಟ. ಮುಖ್ಯಸ್ಥರು ಮಾತು ಬಿಟ್ಟರು. ಹಳೆಯ ಔಷಧಿಗೆ ಮರಳಿದ ಒಂಬತ್ತು ಮಕ್ಕಳಲ್ಲಿ ಐದು ಗುಣವಾಗಿ ಮನೆಗೆ ಹೋದವು. ಆ ಹುಡುಗಿ ಆ ಐವರಲ್ಲಿ ಇರಲಿಲ್ಲ.