ಎಂಟನೆಯ ಸ್ಕ್ರೂ

ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೊಡುವುದು ಎಲ್ಲ ಮನೆಗಳಲ್ಲಿರುವ ರೀತಿ. ಶಿವಾರಪಟ್ಟಣದ ಶಿಲ್ಪಿ ಶಿವಕುಮಾರ್ ಮನೆಯಲ್ಲಿ ಉಪ್ಪಿಟ್ಟಿನ ಜೊತೆಗೆ ಕೆಲಸವನ್ನೂ ಕೊಡುತ್ತಾರೆ. ಅಳಿಯನಾಗುವವನ ಕೈ ಹೇಗಿದೆಯೆಂದು ನೋಡದೆ ಆ ವಂಶದಲ್ಲಿ ಯಾರೂ ಹೆಣ್ಣು ಕೊಟ್ಟಿಲ್ಲ. ಹಿಂದೆಲ್ಲ ಕಲ್ಲು ಕೊಡುತ್ತಿದ್ದರು. ಮಾಲೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ಮುರಳಿಮೋಹನನ ಮುಂದೆ ಮಗಳು ಮಾನಸಳ ಲ್ಯಾಪ್‌ಟಾಪನ್ನೇ ತಂದಿಟ್ಟರು.

“ಕಲ್ಲಿನ ಧೂಳು ಹೋಗಿ ಫ್ಯಾನು ಕಟ್ಕೊಂಡೈತೆ. ಬಿಚ್ಚಿ ಕ್ಲೀನ್ ಮಾಡಪ್ಪ, ನೋಡಾಣ,” ಎಂದರು ಶಿವಕುಮಾರ್.

ಮುರಳಿಗೆ ಒಳಗೊಳಗೇ ನಗು. ದಿನಕ್ಕೆ ನಾಲ್ಕು ಬಿಚ್ಚುವವನಿಗೆ ಇದೂ ಒಂದು ಪರೀಕ್ಷೆಯೇ? ಮಾನಸಳನ್ನು ಅವನು ಬಾಗಿಲಲ್ಲೇ ಒಪ್ಪಿಯಾಗಿತ್ತು. ಮುನೇಶ್ವರನನ್ನು ನೆನೆದು ಸ್ಕ್ರೂಡ್ರೈವರ್ ಹಿಡಿದ. ಏಳು ಸ್ಕ್ರೂಗಳು ಹೇಳಿದ ಮಾತು ಕೇಳಿಕೊಂಡು ಬಂದವು. ಎಂಟನೆಯದು ಬರಲಿಲ್ಲ.

ಅದರ ತಲೆಯ ಮೇಲಿನ ಗೀಟು ಸವೆದು ಬಟ್ಟಲಾಗಿತ್ತು. ಸ್ಕ್ರೂಡ್ರೈವರ್ ಗಿರ್ರನೆ ತಿರುಗುತ್ತಿತ್ತು, ಸ್ಕ್ರೂ ಮಾತ್ರ ತಪಸ್ಸಿಗೆ ಕೂತ ಋಷಿಯ ಹಾಗೆ ಅಲುಗಲಿಲ್ಲ. ನಡುವೆ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿದ; ರಬ್ಬರ್ ಹರಿಯಿತು. ಅಂಟು ಹಾಕಿ ಕಾದ. ಅಂಟು ಸಮೇತ ಸ್ಕ್ರೂಡ್ರೈವರ್ ಕೈಗೆ ಬಂತು.

ಬೆವರು ಒರೆಸಿಕೊಂಡು ಮೊಬೈಲಿನ ಬೆಳಕು ಬಿಟ್ಟ. ಬಟ್ಟಲಿನ ಅಂಚಿನಲ್ಲಿ ಉಳಿಯ ಗುರುತುಗಳು! ತಲೆ ಎತ್ತಿದರೆ, ಶಿವಕುಮಾರ್ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡು ಬಹಳ ಶ್ರದ್ಧೆಯಿಂದ ಮಾಡಿನ ಹಂಚು ಎಣಿಸುತ್ತಿದ್ದರು.

ಅಷ್ಟರಲ್ಲಿ ಮಾನಸ ಬಂದು ಬಗ್ಗಿ ನೋಡಿದಳು. “ಅಯ್ಯೋ, ಸ್ಕ್ರೂ ಹಾಳ್ಮಾಡಿದ್ದು ಯಾರು?”

ಮಾವನಾಗುವವರ ಮಾನ ಉಳಿಸಿದರೆ ಮದುವೆ ಆದಂತೆಯೇ ಎಂದುಕೊಂಡ ಮುರಳಿ. “ನನ್ ಕೈ ಜಾರ್ತು ಕಣ್ರೀ.”

“ಒಂದ್ ಸ್ಕ್ರೂಗೇ ಕೈ ಜಾರೋರು ಸಂಸಾರ ಹೆಂಗ್ ಹಿಡ್ಕೊಂತೀರ? ಅಪ್ಪ, ಈ ಸಂಬಂಧ ಬ್ಯಾಡ.”

ಮಾನ ಉಳಿಯಿತು, ಮದುವೆ ಹೋಯಿತು.

ಶಿವಕುಮಾರ್ ಹಂಚು ಬಿಟ್ಟು ಕೆಳಗೆ ನೋಡಿದರು. “ತಡಿಯಮ್ಮ. ಅದು ನಾನೇ. ಇಷ್ಟೇ ಇರೋದು, ನಲವತ್ ವರ್ಷ ಉಳಿ ಹಿಡ್ದೋನ್ಗೆ ಏನ್ ಮಹಾ ಅಂತ ನೆನ್ನೆ ಉಳಿ ಮೂತಿ ಇಟ್ಟು ತಿರುವಿದೆ. ಹುಡುಗಂದು ತಪ್ಪಿಲ್ಲ.”

“ಮತ್ತೆ ನೀವ್ಯಾಕ್ರೀ ಸುಳ್ಳು ಹೇಳಿದ್ರಿ?”

“ನಿಮ್ಮಪ್ಪನ ಕೈಯಾಗೆ ಸುತ್ತಿಗೆ ಇತ್ತಲ್ಲ,” ಎಂದ ಮುರಳಿ.

ಮಾನಸ ನಕ್ಕುಬಿಟ್ಟಳು. ಆ ನಗುವಿನಿಂದ ಮುರಳಿಗೆ ಧೈರ್ಯ ಬಂತು. “ಸಾರ್, ಉಳಿ ತನ್ನಿ. ತಿರುವಬ್ಯಾಡಿ. ತಲೆ ಅಂಚಿಗೆ ಓರೆಯಾಗಿ ಇಟ್ಟು ಎಡಕ್ಕೆ ಮೆತ್ತಗೆ ತಟ್ಟಿ. ನಾನು ಹಿಡ್ಕೊಂತೀನಿ.”

ವಿಗ್ರಹದ ರೆಪ್ಪೆ ಬಿಡಿಸುವ ಸಣ್ಣ ಉಳಿ ಬಂತು. ಟಿಕ್. ಟಿಕ್. ಶಿವಕುಮಾರ್ ಉಸಿರೇ ಬಿಡಲಿಲ್ಲ. ಒಂಬತ್ತನೆಯ ಏಟಿಗೆ ಋಷಿ ಎಳ್ಳಿನಷ್ಟು ಸರಿದ.

“ಕದಿಲಿಂದಿರಾ!” ಅಲುಗಿತು ಕಣೋ ಎಂದು ಕೂಗಿದರು ಶಿವಕುಮಾರ್; ಖುಷಿ ಹೆಚ್ಚಾದರೆ ಅವರ ಬಾಯಿಗೆ ತೆಲುಗೇ ಬರುವುದು.

ಉಳಿದದ್ದನ್ನು ಮುರಳಿ ಚಿಮಟದಲ್ಲಿ ಹಿಡಿದು ತಿರುಗಿಸಿ ತೆಗೆದ. ಒಳಗೆ ಒಬ್ಬ ಪುಟ್ಟ ಗಣಪನಿಗೆ ಆಗುವಷ್ಟು ಧೂಳಿತ್ತು. ಕುಂಚದಲ್ಲಿ ಗುಡಿಸಿ, ಮುಚ್ಚಿ, ಗುಂಡಿ ಒತ್ತಿದ. ಫ್ಯಾನು ಸದ್ದಿಲ್ಲದೆ ತಿರುಗಿತು.

“ಕೈ ಪರವಾಗಿಲ್ಲ ಕಣಮ್ಮ,” ಎಂದರು ಶಿವಕುಮಾರ್.

“ಕೈ ನೀವ್ ನೋಡಿದ್ರಿ, ಬಾಯಿ ನಾನ್ ನೋಡ್ಬೇಕು,” ಎಂದು ಮಾನಸ ಮುರಳಿಯ ಕಡೆ ತಿರುಗಿದಳು. “ಇನ್ಮೇಲೂ ಸುಳ್ಳು ಹೇಳ್ತೀರ?”

“ನಿಮ್ಮಪ್ಪ ಎದುರಿಗಿಲ್ದಾಗ ಹೇಳಲ್ಲ.”

“ಹಂಗಾದ್ರೆ ಸರಿ,” ಎಂದಳು ಮಾನಸ. “ಮಾಲೂರಿಗೆ ಅಪ್ಪ ವರ್ಷಕ್ಕೊಂದ್ ಸಲ ಬರ್ತಾರೆ ಅಷ್ಟೆ.”